ಐದಡಿ ಮಂಚ

ಪೀಣ್ಯದಲ್ಲಿ ನನ್ನದೊಂದು ಮರಗೆಲಸದ ಶೆಡ್ಡು. ವೈಟ್‌ಫೀಲ್ಡ್ ಕಡೆ ನಲವತ್ತು ಅಂತಸ್ತಿನ ಐಷಾರಾಮಿ ಟವರ್ ಏಳುವ ಮೊದಲೇ, ಕೊಳ್ಳುವವರಿಗೆ ತೋರಿಸೋಕೆ ಅಂತ ನೆಲದ ಮೇಲೊಂದು ಮಾದರಿ ಫ್ಲ್ಯಾಟ್ ಕಟ್ಟಿದ್ದರು. ಅದಕ್ಕೆ ಮಾಡಬೇಕಾದ ಮಂಚದ ಡ್ರಾಯಿಂಗ್ ನೋಡಿ, ಏನೋ ತಪ್ಪಾಗಿದೆ ಅಂತ ಡಿಸೈನರ್‌ಗೆ ಫೋನ್ ಮಾಡಿದೆ.

"ಮೇಡಂ, ಉದ್ದ ಐದೇ ಅಡಿ ಅಂತ ಬರ್ದಿದೀರ."

"ಸರಿಯಾಗೇ ಇದೆ ಕಣ್ರೀ. ಸೋಫಾನೂ ಚಿಕ್ಕದು, ಊಟದ ಟೇಬಲ್ಲೂ ಚಿಕ್ಕದು. ಆಗ ರೂಮು ದೊಡ್ಡದಾಗಿ ಕಾಣುತ್ತೆ. ಅದ್ರ ಮೇಲೆ ಯಾರೂ ಮಲಗಲ್ಲ ಬಿಡಿ."

ಇಪ್ಪತ್ತು ವರ್ಷದಲ್ಲಿ, ಯಾರೂ ಮಲಗಬಾರದು ಅಂತ ನಾನು ಮಂಚ ಮಾಡಿದ್ದು ಅದೇ ಮೊದಲು.

ಜೋಡಿಸಿದ ದಿನವೇ ದಾವಣಗೆರೆ ಕಡೆಯ ದಂಪತಿ ಫ್ಲ್ಯಾಟ್ ನೋಡೋಕೆ ಬಂದರು. ಆರಡಿ ಎತ್ತರದ ಯಜಮಾನರು "ಸಾಕಾತಪ್ಪ" ಅಂತ ಮಂಚದ ಮೇಲೆ ಮಲಗೇಬಿಟ್ಟರು. ಎರಡೂ ಪಾದ ಆಚೆ. ಗಿರಾಕಿ ಕೈತಪ್ಪಿದರೆ ಟವರಿನ ಉಳಿದ ಕೆಲಸವೂ ನನ್ನ ಕೈತಪ್ಪುತ್ತೆ.

ಅವರು ಎದ್ದು ಮಂಚ ನೋಡಿದರು, ರೂಮು ನೋಡಿದರು, ನನ್ನನ್ನು ಪಕ್ಕಕ್ಕೆ ಕರೆದರು.

"ಬೇಕಂತಲೇ ಗಿಡ್ಡ ಮಾಡೀರೇನು?"

"ಹೌದು ಸಾರ್. ರೂಮು ದೊಡ್ಡದಾಗಿ ಕಾಣ್ಲಿ ಅಂತ."

"ನಾವು ತಗೊಳ್ಳೋ ಫ್ಲ್ಯಾಟಿಗೂ ಇದೇ ಅಳತೀದು ಮಾಡಿಕೊಡ್ರಿ. ಬೀಗರು ಬಂದು ನೋಡ್ತಾರ."

"ಮತ್ತೆ ಕಾಲು, ಸಾರ್?"

"ಮಡಚ್ಕೊಂಡ್ರಾತು."

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ನಮ್ಮಂಥವರಿಗೆ ಮಾತ್ರ ಅಂತ ಅಲ್ಲೀವರೆಗೂ ಅಂದುಕೊಂಡಿದ್ದೆ.