ಸರೋಜತ್ತೆಯ ಬಲಗಾಲು

ಸರೋಜತ್ತೆ ನಡೆದುಹೋದ ಕಡೆಯೆಲ್ಲ ನೆಲದ ಮೇಲೆ ಒದ್ದೆ ಗುರುತು ಮೂಡುತ್ತಿತ್ತು. ಬಚ್ಚಲಿಂದ ಬಂದವರು ಕಾಲು ಒರೆಸಿಕೊಂಡಿಲ್ಲ ಅಂದುಕೊಂಡೆ. ಬಟ್ಟೆ ತಂದು ನೆಲ ಒರೆಸಿದೆ. ಬಟ್ಟೆ ಕೆಂಪಾಯಿತು.

"ಅತ್ತೆ, ಕಾಲು ತೋರ್ಸ್ರಿ."

"ಏನಾಗೇತಿ ಕಾಲಿಗೆ?" ಅನ್ನುತ್ತಲೇ ಸೋಫಾದ ಮೇಲೆ ಕೂತು ಬಲಗಾಲನ್ನು ಮಡಚಿ ನೋಡಿಕೊಂಡರು. ಹೆಬ್ಬೆರಳಿನ ಬುಡದಲ್ಲಿ ಚರ್ಮ ಕಿತ್ತುಬಂದಿತ್ತು. ಒಳಗಿನ ಮಾಂಸ ಕಾಣುತ್ತಿತ್ತು. ಬಾಗಿಲ ಬಳಿ ಬಿಟ್ಟಿದ್ದ ಅವರ ಹೊಸ ಚಪ್ಪಲಿ ತಂದು ಕೊಡವಿದೆ. ಸಣ್ಣದೊಂದು ಜಲ್ಲಿಕಲ್ಲು ಉದುರಿತು. ಹಿಂದಿನ ದಿನ ಸಿಂಹಾಚಲಂ ದೇವಸ್ಥಾನಕ್ಕೆ ಹೋಗಿ ಬರುವಾಗ ಉದ್ದಕ್ಕೂ ಆ ಕಲ್ಲಿನ ಮೇಲೆಯೇ ಹೆಜ್ಜೆ ಇಟ್ಟುಕೊಂಡು ಓಡಾಡಿದ್ದರು.

ಅವರಿಗೆ ನೋವೇ ಆಗಿರಲಿಲ್ಲ.

ಸರೋಜತ್ತೆ ನನ್ನ ತಂದೆಯ ತಂಗಿ. ಬಳ್ಳಾರಿಯಲ್ಲಿ ಹುಟ್ಟಿ ವಿಜಯವಾಡದ ತೆಲುಗು ಮನೆಗೆ ಸೊಸೆಯಾಗಿ ಹೋದವರು. ಮಾವ ತೀರಿಕೊಂಡು ಬಹಳ ವರ್ಷವಾಯಿತು. ಮಗ ಶ್ರೀನುವಿನ ಜೊತೆ ಇದ್ದಾರೆ. ವಯಸ್ಸು ಎಪ್ಪತ್ತು ದಾಟಿದ್ದರೂ ಮಂಗಳಗಿರಿಗೆ ಹೋಗಿ ನೇಕಾರರ ಮನೆಯಲ್ಲಿ ಕೂತು ಸೀರೆ ಆರಿಸಿ ತಂದು ಮನೆಯಲ್ಲೇ ಮಾರುತ್ತಿದ್ದರು. ನಾನು ಬ್ಯಾಂಕಿನವಳು. ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದು ಮಧುರವಾಡದಲ್ಲಿ ಮನೆ ಮಾಡಿದ್ದೆ. ಅತ್ತೆ ಆಗಾಗ ಬಂದು ನನ್ನ ಜೊತೆ ಇದ್ದು ಹೋಗುತ್ತಿದ್ದರು. ಹೊಟ್ಟೆ ತುಂಬ ಕನ್ನಡ ಮಾತಾಡೋಕೆ ಬರ್ತೀನಿ ಅನ್ನುತ್ತಿದ್ದರು.

ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಡ್ರೆಸ್ಸಿಂಗ್ ಮಾಡಿಸಿದೆ. ಹಳೆಯ ಶುಗರ್, ಪಾದದ ನರಗಳು ಸತ್ತಿವೆ, ದಿನಾ ನೋಡಿಕೊಳ್ಳಬೇಕು ಎಂದರು ಅಲ್ಲಿನ ಡಾಕ್ಟರು. ಅತ್ತೆ ತಲೆಯಾಡಿಸಿದರು. ಎರಡು ದಿನ ಬಿಟ್ಟು ವಿಜಯವಾಡಕ್ಕೆ ಹೊರಟುಬಿಟ್ಟರು.

ಮುಂದಿನ ತಿಂಗಳು ಶ್ರೀನು ಫೋನ್ ಮಾಡಿದ. ನನ್ನನ್ನು ಅವನು ತೆಲುಗಿನಲ್ಲಿ ವದಿನಾ ಅಂತಲೇ ಕರೆಯುವುದು, ಅಂದರೆ ಅತ್ತಿಗೆ; ಸೋದರಮಾವನ ಮಗಳು ದೊಡ್ಡವಳಾದರೆ ಅಲ್ಲಿ ಹಾಗೇ ಅನ್ನುವುದು.

"ವದಿನಾ, ಅಮ್ಮನಿಗೆ ಚಳಿಜ್ವರ. ಅಡ್ಮಿಟ್ ಮಾಡಿದೀವಿ. ಬೆರಳು ಕಪ್ಪಾಗಿದೆ."

ಅವನು ಬಾಗಿಲು ಎಳೆದುಕೊಂಡ ಸದ್ದಾಯಿತು.

"ಕಾಲು ತೆಗೀಬೇಕಂತೆ."

ರಜೆ ಹಾಕಿ ಸಿಕ್ಕ ರೈಲು ಹತ್ತಿದೆ. ದಾರಿಯುದ್ದಕ್ಕೂ ಚಪ್ಪಲಿ ಬಿಟ್ಟು ಕೂತು ನನ್ನ ಕಾಲಿನ ಬೆರಳುಗಳನ್ನು ಒಂದೊಂದಾಗಿ ಚಿವುಟಿ ನೋಡಿಕೊಳ್ಳುತ್ತಿದ್ದೆ. ಎಲ್ಲದರಲ್ಲೂ ನೋವಿತ್ತು. ಪಕ್ಕದ ಸೀಟಿನ ಹೆಂಗಸು ವಿಚಿತ್ರವಾಗಿ ನೋಡಿದರು. ನನಗೆ ನಿಲ್ಲಿಸಲು ಆಗಲಿಲ್ಲ.

ಆಸ್ಪತ್ರೆಯಲ್ಲಿ ಸರ್ಜನ್ ಸಿಕ್ಕಿದ್ದು ಕಾರಿಡಾರಿನಲ್ಲಿ. ನಡೆಯುತ್ತಲೇ ಮಾತಾಡಿದರು. ಇನ್‌ಫೆಕ್ಷನ್ ಮೇಲೇರುತ್ತಿದೆ, ಆಂಪ್ಯುಟೇಶನ್ ಆಗಲೇಬೇಕು, ಮಂಡಿಯ ಮೇಲಕ್ಕೆ ಹೋಗಬೇಕಾಗಬಹುದು, ಬೇಗ ನಿರ್ಧಾರ ಮಾಡಿ. ಮಧ್ಯಾಹ್ನ ಬಂದ ಫಿಸಿಶಿಯನ್ ಬೇರೆಯೇ ಹೇಳಿದರು. ಕ್ರಿಯಾಟಿನಿನ್ ಏರಿದೆ, ಕಿಡ್ನಿ ಸುಸ್ತಾಗಿದೆ, ಈ ಸ್ಥಿತಿಯಲ್ಲಿ ಅನಸ್ತೇಶಿಯಾ ಕಷ್ಟ, ಆಂಟಿಬಯೋಟಿಕ್ ಕೊಟ್ಟು ಕಾದು ನೋಡೋಣ. ಇಬ್ಬರೂ ಒಳ್ಳೆಯ ಡಾಕ್ಟರೇ. ಇಬ್ಬರ ಮುಖದಲ್ಲೂ ಅವಸರವಿತ್ತು. ಕತ್ತರಿಸಿದರೆ ಟೇಬಲ್ ಮೇಲೇ ಹೋಗಿಬಿಡುತ್ತಾರೆ, ಕತ್ತರಿಸದಿದ್ದರೆ ಮಂಚದ ಮೇಲೆ ಹೋಗುತ್ತಾರೆ ಎಂದು ನನ್ನ ತಲೆಯೊಳಗೆ ಒಂದೇ ಸಮ ತಿರುಗುತ್ತಿತ್ತು. ಶ್ರೀನುವಿನ ಫೋನ್ ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ನೆಂಟರೊಬ್ಬರು ಹೈದರಾಬಾದಿಗೆ ಕರೆದೊಯ್ಯಿರಿ ಅಂದರು. ಇನ್ನೊಬ್ಬರು ಯಾವುದೋ ಮುಲಾಮು ಹೇಳಿದರು.

ಅತ್ತೆಗೆ ಜ್ವರದ ಮಂಪರು. ಎಚ್ಚರವಾದಾಗ ಕೇಳಿದರು, "ಡಾಕ್ಟರು ಏನಂದ್ರವಾ?"

"ಇನ್‌ಫೆಕ್ಷನ್ ಅಂತ್ರಿ. ಕ್ಲೀನ್ ಮಾಡ್ತಾರಂತ."

ಶ್ರೀನು ನನ್ನನ್ನು ಹೊರಗೆ ಕರೆದ. "ಹಾಗೇ ಹೇಳಿ ವದಿನಾ. ಅಮ್ಮ ಹೆದರಿ ಪ್ರಾಣ ಬಿಡ್ತಾಳೆ. ಆಪರೇಷನ್ ಆದ್ಮೇಲೆ ಹೇಳೋಣ."

ಎಚ್ಚರವಾದಾಗ ಹಾಸಿಗೆಯಲ್ಲಿ ಕಾಲು ತಡವುವ ಅತ್ತೆಯನ್ನು ಊಹಿಸಿಕೊಂಡೆ.

ವಿಜಯವಾಡದ ಬ್ರಾಂಚಿನಲ್ಲಿ ನನಗೆ ಗೊತ್ತಿದ್ದ ಸಹೋದ್ಯೋಗಿಯೊಬ್ಬರು ಡಾಕ್ಟರ್ ವಸುಂಧರಾ ಅವರ ನಂಬರು ಕೊಟ್ಟರು. ಹಿಂದೆ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವರು, ಈಗ ಸ್ವತಂತ್ರವಾಗಿ ಪೇಶೆಂಟ್ ಅಡ್ವೊಕೇಟ್ ಆಗಿದ್ದಾರೆ, ತಮ್ಮ ಅಪ್ಪನ ಕಾಯಿಲೆಯಲ್ಲಿ ತುಂಬ ಸಹಾಯವಾಯಿತು ಎಂದರು. ಶ್ರೀನುವಿಗೆ ಹೇಳಿದೆ.

"ಅಡ್ವೊಕೇಟಾ? ಕೇಸು ಹಾಕೋದು ಯಾರ ಮೇಲೆ?"

"ಕೋರ್ಟಿನ ಅಡ್ವೊಕೇಟ್ ಅಲ್ಲೋ. ಪೇಶೆಂಟ್ ಪರವಾಗಿ ಡಾಕ್ಟರ್‌ಗಳ ಹತ್ರ ಮಾತಾಡೋರು. ನಮಗೆ ತಿಳೀದಿದ್ದು ಕೇಳೋರು."

ನಿಜ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲಿ ಬೇರೆ ಆಸೆಯಿತ್ತು. ಯಾರೋ ಬಲ್ಲವರು ಬಂದು ಇದೆಲ್ಲ ತಪ್ಪು, ಕಾಲು ಉಳಿಯುತ್ತದೆ ಎಂದುಬಿಡಲಿ ಎಂಬ ಆಸೆ.

ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು ವಸುಂಧರಾ ಗಾರು ಕೇಳಿದ ಮೊದಲ ಪ್ರಶ್ನೆ, "ಪೇಶೆಂಟ್‌ಗೆ ಗೊತ್ತಾ?"

ಇಲ್ಲ ಎಂದೆ.

"ನೋಡಮ್ಮಾ, ಕರೆಸುತ್ತಿರುವವರು ನೀವು. ಆದರೆ ನಾನು ಕೆಲಸ ಮಾಡುವುದು ಅವರಿಗೆ. ಅವರಿಂದ ಮುಚ್ಚಿಡಬೇಕು ಅಂದರೆ ನಾನು ಬರಲ್ಲ."

ನಾನು ಶ್ರೀನುವಿನ ಮುಖ ನೋಡದೆ, "ಬನ್ನಿ" ಎಂದೆ.

ಮರುದಿನ ಬೆಳಿಗ್ಗೆ ಬಂದರು. ಕಾಟನ್ ಸೀರೆ, ಕನ್ನಡಕ, ಮೆತ್ತಗಿನ ದನಿ. ಮೊದಲು ಅತ್ತೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು ತಾವು ಯಾರೆಂದು ತೆಲುಗಿನಲ್ಲಿ ಹೇಳಿದರು. ನಿಮ್ಮ ರಿಪೋರ್ಟ್ ನೋಡಿ ಡಾಕ್ಟರ್‌ಗಳ ಜೊತೆ ಮಾತಾಡಿ ಬರಲೇ ಎಂದು ಅವರ ಒಪ್ಪಿಗೆ ಕೇಳಿದರು. ಅತ್ತೆ ಹೂಂ ಅಂದರು. ಆಮೇಲೆ ಸರ್ಜನ್ ಮತ್ತು ಫಿಸಿಶಿಯನ್ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಮಾತಾಡಿಸಿದರು. ನಮಗೆ ಆಗದೇ ಇದ್ದದ್ದು ಅದೇ. ಜಗಳವಿಲ್ಲ, ಜೋರಿಲ್ಲ. ರಕ್ತ ಎಲ್ಲಿಯವರೆಗೆ ಹರಿಯುತ್ತಿದೆ, ರಕ್ತನಾಳದ ಡಾಕ್ಟರು, ಅಂದರೆ ವ್ಯಾಸ್ಕ್ಯುಲರ್ ಸರ್ಜನ್, ನೋಡಿದ್ದಾರಾ, ಪೂರ್ತಿ ಅನಸ್ತೇಶಿಯಾ ಬೇಡವೆಂದರೆ ಕಾಲನ್ನು ಮಾತ್ರ ಮರಗಟ್ಟಿಸಬಹುದಾ ಎಂದು ಕೇಳಿದರು. ಮಧ್ಯಾಹ್ನದೊಳಗೆ ವ್ಯಾಸ್ಕ್ಯುಲರ್ ಸರ್ಜನ್ ಬಂದರು. ರಕ್ತದ ಹರಿವು ನೋಡುವ ಡಾಪ್ಲರ್ ಮತ್ತೆ ಮಾಡಿದರು.

ವಸುಂಧರಾ ಗಾರು ನಮ್ಮನ್ನು ಕಿಟಕಿಯ ಪಕ್ಕ ಕರೆದರು.

"ಪಾದ ಉಳಿಯಲ್ಲ."

ಶ್ರೀನು ಸಿಡಿದ. "ಇದನ್ನ ಹೇಳೋಕೆ ನೀವು ಬರಬೇಕಿತ್ತೇನಂಡಿ?"

ಅವರು ಬೇಸರಿಸಲಿಲ್ಲ. "ಮಂಡಿಯ ಕೆಳಗಿನ ತನಕ ರಕ್ತ ಬರ್ತಿದೆ. ಇವತ್ತು ಮಾಡಿದರೆ ಮಂಡಿ ಉಳಿಯುವ ಸಾಧ್ಯತೆ ಇದೆ ಅಂತ ಈಗ ಮೂವರೂ ಒಪ್ಪಿದ್ದಾರೆ. ಮಂಡಿ ಇದ್ದರೆ ಕೃತಕ ಕಾಲು ಹಾಕಿ ನಡೆಯುವುದು ಸುಲಭ. ಊರೂರು ಅಲೆದರೆ ಅದೂ ಹೋಗುತ್ತದೆ. ಕಿಡ್ನಿಯ ಭಯ ಇದ್ದೇ ಇದೆ, ಇಲ್ಲ ಅಂತ ನಾನು ಹೇಳಲಾರೆ. ಆದರೆ ಅವರನ್ನು ಯಾರೂ ಇನ್ನೂ ಕೇಳಿಲ್ಲ."

ಒಳಗೆ ಹೋದೆವು. ಅವರು ತೆಲುಗಿನಲ್ಲಿ ನಿಧಾನವಾಗಿ ಎಲ್ಲ ಹೇಳಿದರು. ಅತ್ತೆ ಮದುವೆಯಾದಾಗಿನಿಂದ ಜೀವನವನ್ನೆಲ್ಲ ತೆಲುಗಿನಲ್ಲೇ ಕಳೆದವರು. ಆ ಭಾಷೆಯಲ್ಲಿ ಗಂಡನ ಜೊತೆ ಸಂಸಾರ ಮಾಡಿದ್ದಾರೆ, ವ್ಯಾಪಾರ ಮಾಡಿದ್ದಾರೆ, ಮಗನನ್ನು ಬೆಳೆಸಿದ್ದಾರೆ. ಆದರೂ ವಸುಂಧರಾ ಗಾರು ಮಾತು ಮುಗಿಸಿದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು.

"ನೀ ಹೇಳು. ಆಕಿ ಹೇಳಿದ್ದು ಕನ್ನಡದಾಗ ಹೇಳು ನಂಗ."

ಆಂಪ್ಯುಟೇಶನ್ ಅನ್ನುವ ಪದವನ್ನು ಬಾಯಿಂದ ಬಾಯಿಗೆ ದಾಟಿಸುತ್ತಾ ಎಷ್ಟು ಸಲೀಸಾಗಿ ಮಾತಾಡಿಕೊಂಡಿದ್ದೆವು! ನಮ್ಮ ಮನೆಯ ಮಾತಿನಲ್ಲಿ ಅದಕ್ಕೆ ಮರೆ ಇರಲಿಲ್ಲ.

"ಕಾಲು ಕತ್ತರಿಸ್ತಾರ್ರಿ ಅತ್ತೆ. ಮಂಡಿ ಕೆಳಗ."

ಅತ್ತೆ ಹೊದಿಕೆಯ ಮೇಲಿಂದ ಮಂಡಿ ಮುಟ್ಟಿ ನೋಡಿಕೊಂಡರು. ಆಮೇಲೆ ಮಗನನ್ನು ನೋಡಿದರು. "ನನ್ ಕಾಲು ಅದು. ಎಲ್ಲಾರ್ಗೂ ಗೊತ್ತೈತಿ, ನಂಗೊಬ್ಬಾಕಿಗೆ ಇಲ್ಲೇನೋ ಶ್ರೀನು?" ಶ್ರೀನು ಮಂಚದ ಕಂಬಿಗೆ ಹಣೆಯಿಟ್ಟು ಅತ್ತ. ಅವರೂ ಅತ್ತರು. ಮಗುವಿನಂತೆ, ದನಿ ತೆಗೆದು. ವಸುಂಧರಾ ಗಾರು ಎದ್ದು ಹೋಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

ಕಣ್ಣೊರೆಸಿಕೊಂಡು ಅತ್ತೆ ಕೇಳಿದರು, "ನೋಡಬೋದಾ?"

ಅಲ್ಲಿಯತನಕ ಯಾರೂ ಅವರಿಗೆ ಪಾದ ತೋರಿಸಿರಲಿಲ್ಲ. ಡ್ರೆಸ್ಸಿಂಗ್ ಬದಲಿಸುವಾಗ ನರ್ಸ್ ಮುಖಕ್ಕೆ ಅಡ್ಡ ನಿಲ್ಲುತ್ತಿದ್ದರು. ಈಗ ಬಟ್ಟೆ ಬಿಚ್ಚಿ ದಿಂಬು ಎತ್ತರಿಸಿದರು. ಮೂರು ಬೆರಳು ಇದ್ದಿಲಿನಂತೆ ಕಪ್ಪು. ಪಾದದ ಮೇಲ್ಭಾಗ ಹಸಿರುಗಟ್ಟಿದ ನೇರಳೆ. ವಾಸನೆಗೆ ನಾನು ಉಸಿರು ಹಿಡಿದೆ. ಅತ್ತೆ ಹಿಡಿಯಲಿಲ್ಲ. ಸೀರೆಯ ಅಂಚು ಪರೀಕ್ಷಿಸುವಾಗ ನೋಡುವಂತೆ ಕಣ್ಣು ಕಿರಿದು ಮಾಡಿ ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಇದು ಆಗ್ಲೇ ಹೋಗೇತಿ," ಎಂದರು. "ನಾ ಯಾಕ ಇದರ ಜೋಡಿ ಹೋಗ್ಲಿ?"

ಸಹಿ ತಾವೇ ಹಾಕಿದರು.

ಸಂಜೆ ಆಪರೇಷನ್ ಥಿಯೇಟರಿಗೆ ಒಯ್ದರು. ಬಾಗಿಲು ಮುಚ್ಚಿತು. ನಾನು ಆ ಬಾಗಿಲಿನತ್ತ ಬೆನ್ನು ಮಾಡಿ ಕೂತೆ. ತೆರೆದಾಗ ಮೊದಲು ಕಾಣುವುದು ಡಾಕ್ಟರ ಮುಖ, ಆ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಕೊನೆಗೆ ಹೆಗಲ ಮೇಲೆ ಕೈ ಬಿತ್ತು. ವಸುಂಧರಾ ಗಾರು. "ಮಂಡಿ ಇದೆ," ಎಂದರು. ಅವರೂ ಸುಸ್ತಾಗಿ ನನ್ನ ಪಕ್ಕ ಕುಸಿದು ಕೂತರು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಇಲ್ಲ. ಕಿಡ್ನಿಯ ಸ್ಥಿತಿ ಮತ್ತೆ ತೂಗುಯ್ಯಾಲೆಯಾಯಿತು. ಮೂತ್ರ ಕಡಿಮೆಯಾದ ದಿನ ಡಯಾಲಿಸಿಸ್ ಮಾತು ಬಂತು, ಆಮೇಲೆ ತಾನಾಗಿಯೇ ಸುಧಾರಿಸಿತು. ಹೊಲಿಗೆಯ ಒಂದು ಅಂಚು ಕಪ್ಪಾದಂತೆ ಕಂಡಾಗ ಇನ್ನೂ ಮೇಲಕ್ಕೆ ಕತ್ತರಿಸುತ್ತಾರೇನೋ ಎಂದು ಶ್ರೀನು ಊಟ ಬಿಟ್ಟ. ಅದೂ ಒಣಗಿತು. ಇದನ್ನೆಲ್ಲ ಮೀರಿ ನನ್ನನ್ನು ಹೆದರಿಸಿದ್ದು ಬೇರೆ. ಒಂದು ಬೆಳಿಗ್ಗೆ ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದು ಪಿಸುಗುಟ್ಟಿದರು, "ಯಾರ್ಗೂ ಹೇಳ್ಬ್ಯಾಡ. ಬೆರಳು ನೋಯಾಕತ್ತಾವು. ಇಲ್ಲದ ಬೆರಳು. ನಂಗ ಹುಚ್ಚು ಹಿಡೀತೇನು?"

ಇದ್ದಾಗ ವರ್ಷಗಟ್ಟಲೆ ನೋಯದ ಪಾದ ಹೋದ ಮೇಲೆ ನೋಯತೊಡಗಿತ್ತು.

ನಾನು ಕರೆ ಮಾಡಿಕೊಟ್ಟೆ. ವಸುಂಧರಾ ಗಾರು ಫೋನಿನಲ್ಲೇ ಅತ್ತೆಯ ಜೊತೆ ಮಾತಾಡಿದರು. ಅದು ಹುಚ್ಚಲ್ಲ, ಫ್ಯಾಂಟಮ್ ಪೇಯ್ನ್ ಅಂತಾರೆ, ಬಹಳ ಜನಕ್ಕೆ ಆಗುತ್ತದೆ, ಮೆದುಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಅಷ್ಟೇ. ಮುಚ್ಚಿಡಬೇಡಿ, ರೌಂಡ್ಸ್‌ಗೆ ಬಂದ ಡಾಕ್ಟರಿಗೆ ನೀವೇ ಹೇಳಿ, ಔಷಧಿ ಇದೆ. ಅತ್ತೆ ಹೇಳಿದರು. ಔಷಧಿ ಶುರುವಾಯಿತು. ನೋವು ಪೂರ್ತಿ ಹೋಗಲಿಲ್ಲ, ಹುಚ್ಚಿನ ಭಯ ಹೋಯಿತು.

ಈಗ ಮನೆಯಲ್ಲಿದ್ದಾರೆ. ವಾಕರ್ ಹಿಡಿದು ಮಂಚದಿಂದ ನಡುಮನೆಯವರೆಗೆ ಬರುತ್ತಾರೆ. ಕೃತಕ ಕಾಲಿಗೆ ಅಳತೆ ಕೊಟ್ಟಾಗಿದೆ. ಮಂಗಳಗಿರಿಗೆ ಅವರು ಹೋಗಲಾರದ್ದರಿಂದ ನೇಕಾರರೇ ಸೀರೆಯ ಗಂಟು ಹೊತ್ತು ಬರುತ್ತಾರೆ. ಪ್ರತಿ ಸಂಜೆ ಶ್ರೀನು ನೆಲದ ಮೇಲೆ ಕೂತು ಅವರ ಎಡ ಅಂಗಾಲನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ಆ ಕಾಲಿಗೂ ಸ್ಪರ್ಶ ಕಡಿಮೆಯೇ. ಅವನ ಹೆಸರು ಫೋನಿನಲ್ಲಿ ಬೆಳಗಿದರೆ ನನ್ನ ಕೈ ಈಗಲೂ ತಣ್ಣಗಾಗುತ್ತದೆ. ಈ ಭಯ ಹೋಗುವುದಿಲ್ಲ ಅನಿಸುತ್ತದೆ. ಅದನ್ನು ಇಟ್ಟುಕೊಂಡೇ ಬ್ಯಾಂಕಿಗೆ ಹೋಗಿಬರುವುದನ್ನು ಕಲಿಯುತ್ತಿದ್ದೇನೆ.

ಕಳೆದ ವಾರ ವಿಜಯವಾಡಕ್ಕೆ ಹೋಗಿದ್ದಾಗ ಫಾಲೋ-ಅಪ್‌ಗೆ ನಾನೇ ಜೊತೆಗೆ ಹೋಗಿದ್ದೆ. ವಸುಂಧರಾ ಗಾರು ಬಂದಿರಲಿಲ್ಲ, ಇನ್ನು ತಾವು ಬರುವ ಅಗತ್ಯವಿಲ್ಲ ಎಂದಿದ್ದರು. ಹೊಸ ಡಾಕ್ಟರು, ಚಿಕ್ಕ ವಯಸ್ಸಿನವರು, ಫೈಲ್ ತಿರುವಿಹಾಕಿ ನನ್ನ ಮುಖ ನೋಡಿ ಕೇಳಿದರು, "ಪೇಶೆಂಟ್‌ಗೆ ಹೇಗಿದೆ? ನೋವು ಇದೆಯಾ?"

ನಾನು ಬಾಯಿ ತೆರೆದಿದ್ದೆ.

"ಬಾಬೂ," ಎಂದರು ಸರೋಜತ್ತೆ, ವ್ಹೀಲ್‌ಚೇರಿನಿಂದ. "ನನ್ನಡಗಂಡಿ." ನನ್ನನ್ನು ಕೇಳಿ.

ಡಾಕ್ಟರು ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡರು. ಅತ್ತೆ ಸೆರಗು ಸರಿಮಾಡಿಕೊಂಡು ಹೇಳತೊಡಗಿದರು.