ಹಿಂದಿನ ಸೀಟಿನ ಜಿರಿಜಿರಿ ಸದ್ದು

ಕಿವಿಗೆ ಬಿದ್ದ ಸದ್ದಿನ ಮೂಲವನ್ನರಿಯದೆ ಊಟಕ್ಕೆ ಕೂರಲೊಲ್ಲದವನು. ಪರರ ವಾಹನವನ್ನು ಬಿಚ್ಚುವಾಗ ಪರರ ಮನೆಯ ಬಾಗಿಲನ್ನು ತೆರೆಯುವಷ್ಟೇ ಅಂಜಿಕೆಯುಳ್ಳವನು. ಬಿಚ್ಚಿದುದನ್ನು ಮೊದಲಿದ್ದಂತೆಯೇ ಕೂಡಿಸಿ, ಒರೆಸಿ, ಒಡೆಯನ ಕೈಗೆ ಒಪ್ಪಿಸುವವನು. ತಿಳಿಯದುದನ್ನು ತಿಳಿಯದೆಂದು ಹೇಳಲು ನಾಚದವನು. ಗಿರಾಕಿ ಗದರಿದರೆ ನಗುವವನು, ಹೊಗಳಿದರೆ ಮುಖ ತಿರುಗಿಸಿ ತಂತಿ ಸುತ್ತತೊಡಗುವವನು. ಬೆಳಗ್ಗೆ ಕಾಲಭೈರವನ ಪಟಕ್ಕೆ ಕೈಮುಗಿಯದೆ ಟೆಸ್ಟರು ಮುಟ್ಟದವನು. ಮನೆಯಾಕೆಯ ಕುಹಕಕ್ಕೆ ಮುನಿಯದವನು, ಮಗಳ ಪ್ರಶ್ನೆಗೆ ಬೇಸರಿಸದವನು. ಇಂತಪ್ಪ ಗುಣಗಳಿಗೆ ನೆಲೆಯಾಗಿ, ಪಾಂಡವಪುರದ ಬಸ್ಸು ನಿಲ್ದಾಣದ ಹಿಂದಿನ ಓಣಿಯಲ್ಲಿ ಕಾರುಗಳಿಗೆ ಸ್ಪೀಕರು ಕೂರಿಸುತ್ತ ಬಾಳುತ್ತಿರುವ ಈತನ ಹೆಸರು ಕುಳ್ಳಯ್ಯ.

ಹೆಸರಿನಂತೆಯೇ ಆಳು ಗಿಡ್ಡ. "ಕಾರಿನ ಡಿಕ್ಕಿಲೇ ನಿನ್ನ ಮಡಗಿ ಬೀಗ ಆಕ್ಬೋದು ಕಣ್ಲಾ" ಎಂದು ಪಕ್ಕದ ಪಂಚರು ಅಂಗಡಿಯ ಮುದ್ದಯ್ಯ ಆಗಾಗ ಕೆಣಕುವುದುಂಟು. ಕುಳ್ಳಯ್ಯನು ಅದಕ್ಕೆ ಸಿಟ್ಟಾಗುವುದಿಲ್ಲ. "ಆಕ್ಲಾ, ಒಳೀಕೆ ಕುಂತ್ರೆ ಪದ ಎಂಗ್ ಕೇಳ್ತದೆ ಅಂತ ನಂಗೂ ನೋಡ್ಬೇಕು" ಎನ್ನುತ್ತಾನೆ. ಹಾಗೆನ್ನುವುದು ಬರಿಯ ನಗೆಮಾತಲ್ಲ. ನಿಜವಾಗಿಯೂ ಅವನಿಗೆ ನೋಡಬೇಕಾಗಿದೆ.

ಆತ ಹುಟ್ಟಿದ್ದು ನಾಗಮಂಗಲ ಸೀಮೆಯ ಒಂದು ಸಣ್ಣ ಹಳ್ಳಿಯಲ್ಲಿ. ಬಾಲ್ಯದಲ್ಲಿ ಊರಿನವರು ಪೌರಾಣಿಕ ನಾಟಕವಾಡಿದಾಗ, ರಾಜನ ವೇಷದವನು ರಂಗದ ಮೇಲೆ ನಿಂತು ಬಾಯ್ದೆರೆದರೆ ದನಿಯು ಬೇವಿನ ಮರದ ಮೇಲಿಂದ ಬರುತ್ತಿತ್ತು. ಜನರೆಲ್ಲರೂ ರಾಜನನ್ನು ನೋಡುತ್ತಿರಲು ಈ ಹುಡುಗನೊಬ್ಬನು ಮರವನ್ನೇ ನೋಡುತ್ತಿದ್ದನು. ಕೊನೆಗೆ ತಡೆಯಲಾರದೆ ಮರವೇರಿ, ಅಲ್ಲಿ ಕಟ್ಟಿದ್ದ ತುತ್ತೂರಿಯಂತಹ ಮೈಕಿನ ಬಾಯಿಗೆ ತಲೆಯಿಟ್ಟು ಇಣುಕಿದನು. ಕಿವಿಗಳೆರಡೂ ಬಹಳ ಹೊತ್ತು ಗುಂಯ್ಗುಟ್ಟಿದುವು. ಒಳಗೆ ರಾಜನಂತೂ ಕಾಣಲಿಲ್ಲ. ಹಾಗಾದರೆ ಇದ್ದುದೇನು ಎಂಬ ಪ್ರಶ್ನೆ ಅಂದಿನಿಂದ ಅವನನ್ನು ಬಿಟ್ಟಿಲ್ಲ. ಶ್ರೀರಂಗಪಟ್ಟಣದಲ್ಲಿ ಮೈಕ್‌ಸೆಟ್ಟಿನವರ ಬಳಿ ಪೆಟ್ಟಿಗೆ ಹೊತ್ತನು, ಕೆ.ಆರ್. ಪೇಟೆಯಲ್ಲಿ ಟ್ರಾಕ್ಟರುಗಳಿಗೆ ಟೇಪುರೆಕಾರ್ಡರು ಜೋಡಿಸಿದನು, ಬೆಟ್ಟಮ್ಮನನ್ನು ಕೈಹಿಡಿದ ಮೇಲೆ ಪಾಂಡವಪುರದಲ್ಲಿ ನೆಲೆನಿಂತನು.

ಕಳೆದ ಕಾರ್ತಿಕದಲ್ಲಿ ಚಿನಕುರಳಿಯ ಮಂಜುನಾಥನು ತನ್ನ ತಂದೆಯ ಕಾಲದ ಅಂಬಾಸಿಡರನ್ನು ಓಣಿಯೊಳಕ್ಕೆ ತಂದು ನಿಲ್ಲಿಸಿದನು. ಹಸು ಸಾಕಿ ಡೈರಿಗೆ ಹಾಲು ಹಾಕುವ, ಹೊಲಗದ್ದೆಯುಳ್ಳ ಮನೆತನ ಅವರದು. ಮಂಜುನಾಥನ ತಾಯಿ ದೊಡ್ಡತಾಯಮ್ಮನಿಗೆ ಲಕ್ವ ಹೊಡೆದು, ಪ್ರಾಣ ಉಳಿದಿದ್ದರೂ ಬಲಗೈ ಮುಷ್ಟಿಗಟ್ಟಿಕೊಂಡು ಬಿಚ್ಚದಾಗಿತ್ತು. ಆ ಕೈಗೆ ವ್ಯಾಯಾಮ ಮಾಡಿಸಲು ವಾರಕ್ಕೊಮ್ಮೆ ಆದಿಚುಂಚನಗಿರಿಯ ಆಸ್ಪತ್ರೆಗೆ ಕರೆದೊಯ್ಯಬೇಕು. ನಡುವೆ ಬಿಟ್ಟರೆ ಬೆರಳುಗಳು ಹಾಗೆಯೇ ಮರಗಟ್ಟಿಹೋಗುವುವೆಂದು ವೈದ್ಯರು ತಿಳಿಸಿದ್ದರು. ಆದರೆ ಮುದುಕಿಗೆ ಆ ದಾರಿ ಬೇಸರ.

"ಮುಂದ್ಗಡೆ ಸ್ಪೀಕರ್ ಅದೆ. ಹಿಂದೆ ಕುಂತಿರೋ ಅವ್ವಂಗೆ ಒಂದಕ್ಷರ ಕೇಳಾಕಿಲ್ಲ, ಕಿವಿ ಒಸಿ ಮಂದ" ಎಂದನು ಮಂಜುನಾಥ. "ನಾಟಕದ ಪದ ಕೇಳ್ಸಿದ್ರೆ ಎಲ್ಗಂಟ ಬೇಕಾದ್ರೂ ಬತ್ತೀನಿ ಅಂತಾಳೆ. ಅವಳ ತಲೆ ಹಿಂದಕ್ಕೇ ಬರೋ ಅಂಗೆ ಎರಡು ಕೂರ್ಸ್ಬುಡು ಕುಳ್ಳಯ್ಯ."

"ಹಳೇ ಗಾಡಿ ಮಂಜಣ್ಣ. ಹಿಂದ್ಲು ಗಾಜಿನ ಕೆಳಗಿನ ತಗಡು ಕುಯ್ಯಬೇಕು. ನಿಮ್ಮಪ್ಪಾರು ಇದ್ದಿದ್ರೆ ನನ್ನ ಕೈಯೇ ಕುಯ್ಯೋರು."

"ಅವ್ರಿಲ್ವಲ್ಲ, ಕುಯ್ಯಿ."

ಕುಳ್ಳಯ್ಯನು ಆ ಕೆಲಸವನ್ನು ಮಾಡಿದ ರೀತಿ ನೋಡತಕ್ಕದ್ದಾಗಿತ್ತು. ಮೊದಲು ಹಿಂದಿನ ಸೀಟಿನಲ್ಲಿ ತಾನೇ ಮುದುಕಿಯಂತೆ ಬೆನ್ನು ಬಾಗಿಸಿ ಕುಳಿತು, ಕಿವಿ ಎಲ್ಲಿಗೆ ಬರುವುದೆಂದು ಬೆರಳಿನಿಂದ ಅಳೆದನು. ರಟ್ಟಿನ ಮೇಲೆ ಅಚ್ಚು ಬರೆದು, ತಗಡನ್ನು ಕೊರೆದು, ಅಂಚನ್ನು ಅರದಿಂದ ಉಜ್ಜಿ ನುಣುಪುಮಾಡಿದನು. ಸ್ಪೀಕರಿನ ನಡುವೆ ಇರುವ ಕಾಗದದ ಬಟ್ಟಲೇ ಅದುರಿ ದನಿಯನ್ನು ಹುಟ್ಟಿಸುವುದು. ಗಡಿಯಾರದ ಸೆಲ್ಲೊಂದನ್ನು ತಂತಿಗೆ ಮುಟ್ಟಿಸಿದರೆ ಆ ಬಟ್ಟಲು ಮುಂದಕ್ಕೊಮ್ಮೆ ನೆಗೆಯುತ್ತದೆ. ಎರಡೂ ಬಟ್ಟಲುಗಳು ಒಂದೇ ಕಡೆಗೆ ನೆಗೆದರೆ ಮಾತ್ರ ದನಿ ತುಂಬಿ ಬರುವುದು. ಇಷ್ಟು ವರ್ಷ ಅದನ್ನು ನೋಡಿಯೂ ಅವನಿಗೆ ತಣಿವಿಲ್ಲ. ಬೇಕಾದುದಕ್ಕಿಂತ ಒಂದೆರಡು ಸಲ ಹೆಚ್ಚಾಗಿಯೇ ಮುಟ್ಟಿಸಿ, "ನೋಡಿ ಮಂಜಣ್ಣ, ಉಸಿರಾಡ್ತಾವೆ" ಎಂದನು. ಮೇಲೆ ಜಾಲರಿಗಳನ್ನು ಬಿಗಿದು, ಪೆನ್‌ಡ್ರೈವಿನ ಪದಗಳನ್ನು ಹಾಕಿದಾಗ, ದನಿಯು ತೊಟ್ಟಿಯಲ್ಲಿ ನೀರು ನಿಂತಂತೆ ಕಾರಿನೊಳಗೆ ತುಂಬಿಕೊಂಡಿತು. ಮಂಜುನಾಥನು ಸಂತೋಷದಿಂದ ಮನೆಗೆ ಹೋದನು.

ಕೆಲವು ದಿನಗಳಾದ ಮೇಲೆ ಮಂಜುನಾಥನ ಫೋನು ಬಂದಿತು.

"ಕುಳ್ಳಯ್ಯ, ಏನ್ ಮಾಡ್ದೆ ನೀನು? ಒಂದು ದಪ ಓಗಿ ಬಂದ್ಲು. ಈಗ ಕಾರೇ ಅತ್ತಾಕಿಲ್ಲ ಅಂತಾಳೆ."

"ಯಾಕಂತೆ? ಸದ್ದು ಜಾಸ್ತಿ ಆತಾ?"

"ಯೋಳಾಕಿಲ್ಲ. ಕೇಳಿದ್ರೆ ಮೊಖ ತಿರಿಕ್ಕತಾಳೆ. ಆಸ್ಪತ್ರೇನೂ ಬ್ಯಾಡ, ಪದಾನೂ ಬ್ಯಾಡ, ಕೈ ಇಂಗೇ ಇರ್ಲಿ ಅಂತಾಳೆ. ನಾಳೆ ಓಗ್ಬೇಕು."

ಅಂದು ಮಧ್ಯಾಹ್ನ ಬೆಟ್ಟಮ್ಮ ಬಡಿಸಿದ ಮುದ್ದೆ ತಟ್ಟೆಯಲ್ಲಿಯೇ ಆರಿತು. ಸಾರಿನ ಮೇಲೆ ದೃಷ್ಟಿ ನೆಟ್ಟು ಕುಳಿತ ಗಂಡನನ್ನು ಕಂಡು ಆಕೆ, "ಸಾರಲ್ಲೂ ಸದ್ದು ಬತ್ತಾ ಅದಾ?" ಎಂದಳು.

"ಆವಮ್ಮ ಪದಕ್ಕಾಗಿ ಆಸೆ ಪಟ್ಟಿದ್ಲು ಕಣೆ. ಕೇಳಿದ ಮೇಲೆ ಬ್ಯಾಡ ಅಂದ್ಲು. ಏನು ಕೇಳಿಸ್ತು ಅವಳಿಗೆ?"

"ಇಲ್ಲಿ ಕುಂತ್ರೆ ಗೊತ್ತಾಯ್ತದಾ? ಉಂಡು ಓಗಿ ನೋಡು. ಬರಿ ಹೊಟ್ಟೇಲಿ ಡಿಕ್ಕಿಗೆ ನುಗ್ಗಿದ್ರೆ ತಲೆ ತಿರುಗ್ತದೆ."

ಅವನು ಉಂಡು, ಬಸ್ಸು ಹಿಡಿದು, ಚಿನಕುರಳಿಗೆ ಹೋದನು. ಕಾರು ಹೊಂಗೆಯ ನೆರಳಿನಲ್ಲಿ ನಿಂತಿತ್ತು. ದೊಡ್ಡತಾಯಮ್ಮ ಜಗಲಿಯ ಮೇಲೆ ಬಲಗೈಯನ್ನು ಸೆರಗಿನೊಳಗೆ ಮರೆಮಾಡಿಕೊಂಡು ಕುಳಿತಿದ್ದಳು. ಕುಳ್ಳಯ್ಯನನ್ನು ನೋಡಿದರೂ ನೋಡದವಳಂತೆ ಕೊಟ್ಟಿಗೆಯ ಕಡೆಗೆ ತಿರುಗಿದಳು. ಅವನು ಏನನ್ನೂ ಕೇಳದೆ, ಇಂಜಿನ್ನನ್ನು ಚಾಲೂ ಮಾಡದೆ, ಆಕೆ ಕೂರುವ ಸೀಟಿನಲ್ಲಿ ಕುಳಿತು ಪದ ಹಾಕಿದನು.

ಮೊದಲಿಗೆ ಎಲ್ಲವೂ ಸರಿಯಾಗಿತ್ತು. ಪದವು ತಾರಕಕ್ಕೇರಿದಾಗ, ಬಲಗಡೆಯ ತಲೆಯ ಹಿಂದೆ, ಜೀರುಂಡೆಯೊಂದು ಒಳಗೆ ಸಿಕ್ಕಿಕೊಂಡಂತೆ ಜಿರಿಜಿರಿ ಎಂದಿತು. ಇಳಿದಾಗ ನಿಂತಿತು, ಮತ್ತೆ ಏರಿದಾಗ ಮತ್ತೆ ಬಂದಿತು. ಮುಂದೆ ಕುಳಿತು ಓಡಿಸುವವನಿಗೆ ಇಂಜಿನ್ನಿನ ಗದ್ದಲದಲ್ಲಿ ಇದು ಕೇಳಿಸುವಂತಿರಲಿಲ್ಲ. ಕುಳ್ಳಯ್ಯನ ಕಣ್ಣುಗಳು ಅರಳಿದುವು. ತನ್ನ ಕೆಲಸದಲ್ಲಿ ಕುಂದಿದೆಯೆಂಬ ನೋವಿಗಿಂತ ಅದು ಯಾವ ಕುಂದೆಂದು ತಿಳಿಯುವ ಆತುರವೇ ಅವನಲ್ಲಿ ಮುಂದಾಯಿತು.

ತಿರುಪುಮೊಳೆಗಳನ್ನು ಬಿಗಿದನು, ಸದ್ದು ಹೋಗಲಿಲ್ಲ. ಹಿಂಗಾಜಿನ ರಬ್ಬರನ್ನು ಒತ್ತಿಹಿಡಿದನು, ಹೋಗಲಿಲ್ಲ. ಡಿಕ್ಕಿಯಲ್ಲಿ ಬೂಸಾ ಮೂಟೆಗಳಿದ್ದುವು. ಅವನ್ನಿಳಿಸಿದರೆ ದನಿ ಪೊಳ್ಳಾಯಿತೇ ಹೊರತು ಜಿರಿಜಿರಿ ಇದ್ದಂತೆಯೇ ಇದ್ದಿತು. ತಾನೇ ಡಿಕ್ಕಿಯೊಳಕ್ಕೆ ತೂರಿ, ಅಂಗಾತ ಮಲಗಿ, ಒಂದು ಕೈಯಿಂದ ತಂತಿಗಳನ್ನು ಬಾಚಿ ಹಿಡಿದು, "ಮಂಜಣ್ಣ, ಇನ್ನೊಸಿ ಜೋರಾಗಿ ಆಕಿ" ಎಂದು ಕೂಗಿದನು. ಮಂಜುನಾಥನು ಹೊರಗಿನಿಂದ, "ನಿಂಗೆ ಸದ್ದು ಕೇಳ್ತಾ ಅದಾ?" ಎಂದನು. "ಕೇಳ್ತಾ ಅದೆ. ಬಲಗಡೇಲಿ, ಜಿರಿಜಿರಿ ಅಂತದೆ. ಹುಳ ಹೊಕ್ಕಂಗೆ" ಎಂದು ಒಳಗಿನಿಂದ ಉತ್ತರ ಬಂದಿತು.

ಜಗಲಿಯ ಮೇಲಿನ ಮುದುಕಿ ಎದ್ದಳು. ಸೊಸೆ ಶ್ವೇತಳ ಹೆಗಲನ್ನು ಹಿಡಿದು ಮೆಲ್ಲನೆ ಕಾರಿನ ಬಳಿಗೆ ಬಂದು, ತೆರೆದ ಡಿಕ್ಕಿಯೊಳಕ್ಕೆ ಬಗ್ಗಿ ನೋಡಿದಳು.

"ಆ ಸದ್ದು ನಿಂಗೂ ಕೇಳ್ತದೇನಪ್ಪ?"

"ಊಂ ದೊಡ್ಡವ್ವ. ಚೆನ್ನಾಗೇ ಕೇಳ್ತದೆ."

"ನಿಜವಾಗ್ಲೂ?"

"ನನ್ನ ಕಿವಿಯೇನು ನಿಮ್ಮ ಮನೆ ಸಂಬಳಕ್ಕದಾ, ನೀವು ಕೇಳಿದ್ದಕ್ಕೆಲ್ಲ ಊಂ ಅನ್ನಕ್ಕೆ? ಜಿರಿಜಿರಿ ಅಂತಾನೇ ಕೇಳ್ತದೆ."

ಆಕೆ ಎಡಗೈಯನ್ನು ಕಾರಿಗೆ ಆನಿಸಿ ನಿಂತಳು. ಆಮೇಲೆ ಮಗನ ಮುಖವನ್ನು ನೋಡದೆ ಹೇಳಿದಳು: "ನನ್ನ ಕಿವೀಲೇ ಅದು ಅಂದ್ಕಂಡಿದ್ದೆ ಕಣಪ್ಪ. ಕೈ ಓಯ್ತು, ಈಗ ಕಿವಿನೂ ಓಯ್ತಾ ಅದೆ ಅಂತ. ಪದ ಏರಿದಾಗೆಲ್ಲ ಜಿರಿಜಿರಿ ಅನ್ನೋದು. ಆಸ್ಪತ್ರೇಲಿ ಯೋಳಿದ್ರೆ ತಲೆ ಫೋಟೋ ತೆಗಿತೀವಿ ಅಂತಾರೆ, ಇನ್ನೇನೇನೋ ಯೋಳ್ತಾರೆ. ಅದ್ಕೇ ಬ್ಯಾಡ ಅಂದೆ."

"ಇದ್ನ ನನ್ ತಾವ ಯೋಳಕ್ಕೇನಾಗಿತ್ತವ್ವ?" ಎಂದನು ಮಂಜುನಾಥ.

"ನೀನು ಅವತ್ತೇ ಎತ್ತಾಕ್ಕೊಂಡು ಮೈಸೂರಿಗೆ ಓಡಿರೋನು, ಬುಡು."

ಕುಳ್ಳಯ್ಯನು ಡಿಕ್ಕಿಯಿಂದ ಹೊರಬಂದು, ಹಿಂದಿನ ಸೀಟಿನ ಮೇಲೆ ಮೊಣಕಾಲೂರಿ, ಬಲಗಡೆಯ ಜಾಲರಿಯನ್ನು ಬಿಚ್ಚಿದನು. ಕರಿಯ ಕಾಗದದ ಬಟ್ಟಲಿನ ತಳದಲ್ಲಿ ಹಳದಿಯ ಅಕ್ಕಿಕಾಳುಗಳು ಹಿಡಿಯಾಗುವಷ್ಟು ಬಿದ್ದಿದ್ದುವು. ಪದ ಇನ್ನೂ ನಡೆಯುತ್ತಿತ್ತು. ರಾಗವು ಏರುತ್ತಲೇ ಕಾಳುಗಳೆಲ್ಲವೂ ಒಮ್ಮೆಗೇ ನೆಗೆದು ಕುಣಿದು ಜಿರಿಜಿರಿ ಎಂದುವು. ರಾಗವು ಇಳಿಯಲು ನಡುವಿಗೆ ಜಾರಿ ಒರಗಿದುವು. ಕುಳ್ಳಯ್ಯನು ತಾನು ಬಂದ ಕೆಲಸವನ್ನು ಮರೆತು ಅದನ್ನೇ ನೋಡತೊಡಗಿದನು. "ಬನ್ನಿ ಮಂಜಣ್ಣ, ನೋಡಿ. ಯಾವ ಸ್ವರಕ್ಕೆ ಎಷ್ಟು ನೆಗಿತಾವೆ ಅಂತ ನೋಡಿ."

"ಅದು ಅಕ್ಷತೆ ಅಲ್ವಾ?" ಎಂದಳು ಶ್ವೇತ.

ಅಕ್ಷತೆಯೇ. ಸ್ಪೀಕರು ಕೂರಿಸಿಕೊಂಡು ಬಂದ ದಿನ, ಹೊಸ ಸಾಮಾನು ಮನೆಗೆ ಬಂತೆಂದು ಕಾರಿಗೆ ಪೂಜೆ ಮಾಡಿದ್ದರು. ಎರಡು ಜಾಲರಿಗಳಿಗೂ ಕುಂಕುಮವಿಟ್ಟು, ಹೂವು ಮುಡಿಸಿದ್ದರು. ಎಡಗಡೆಯದಕ್ಕೆ ಶ್ವೇತ ನಾಲ್ಕು ಕಾಳು ಹಾಕಿದ್ದಳು. ಅದರ ಮೇಲಿಂದ ಉರುಳಿ ಬಿದ್ದುಹೋಗಿದ್ದುವು.

"ನಾಲ್ಕು ಕಾಳಾದ್ರೆ ಸರಿ" ಎಂದನು ಕುಳ್ಳಯ್ಯ. "ಇಲ್ಲಿ ಒಂದು ಪಾಯಸಕ್ಕಾಗೋ ಅಷ್ಟದೆ. ಇದು ಯಾರ ಕೈ?"

ದೊಡ್ಡತಾಯಮ್ಮ ನೆಲವನ್ನು ನೋಡಿದಳು. "ನಂದೇ. ದೇವ್ರಿಗೆ ಎಡಗೈಲಿ ಆಕಕ್ಕಾಯ್ತದಾ? ಬಲಗೈ ಮುಷ್ಟಿಗೆ ನಾನೇ ಎಡಗೈಲಿ ತುರುಕ್ಕಂಡೆ. ಹಿಂದ್ಲು ಸೀಟಲ್ಲಿ ಕುಂತು ಮುಷ್ಟೀನ ಅದ್ರ ಮ್ಯಾಲೆ ಹಿಡ್ಕಂಡಿದ್ದೆ, ಸುಮ್ನೆ ಮುಟ್ಸಿ ಬರಾನ ಅಂತ. ಹಿಡ್ದಂಗೇ ಎಲ್ಲ ಜಾಲರಿ ತೂತೊಳೀಕೆ ಸುರುದ್ಬುಡ್ತು. ದೇವ್ರಿಗೆ ಅಂತ ಹಿಡ್ದಿದ್ದು ಇಂಗೆ ಚೆಲ್ಲೋಯ್ತಲ್ಲ ಅಂತ ಯಾರಿಗೂ ಯೋಳ್ನಿಲ್ಲ."

ಮಂಜುನಾಥನು ಪದವನ್ನು ನಿಲ್ಲಿಸಿದನು. "ಅವ್ವ, ಮುಷ್ಟಿಲಿದ್ದ ಅಕ್ಕಿ ಎಂಗ್ ಸುರೀತು?"

"ಎಂಗಂದ್ರೆ? ಸುರೀತು."

"ಮುಷ್ಟಿ ಬಿಚ್ದೆ ಸುರಿತದಾ?"

ಕುಳ್ಳಯ್ಯನು ಕಾಳುಗಳನ್ನು ಕುಂಚದಿಂದ ಅಂಗೈಗೆ ಗುಡಿಸಿಕೊಳ್ಳುತ್ತಿದ್ದವನು ಕೈ ನಿಲ್ಲಿಸಿದನು. ಮುದುಕಿಯು ಸೆರಗಿನ ಮರೆಯಿಂದ ಬಲಗೈಯನ್ನು ಹೊರತೆಗೆದು, ಇನ್ನೊಬ್ಬರ ಕೈಯನ್ನು ನೋಡುವಂತೆ ನೋಡಿದಳು. ಅದು ಕೂಡಿಕೊಂಡೇ ಇತ್ತು. ಎಲ್ಲರೂ ಕಾದರು. ಬಹಳ ಹೊತ್ತಿನ ಮೇಲೆ ಹೆಬ್ಬೆರಳು ಅಲುಗಿತು. ಅದರ ಹಿಂದೆ ತೋರುಬೆರಳು, ಕೊಂಚ, ಬಾಗಿಲ ಸಂದಿಯಷ್ಟು. ಉಳಿದವು ಮಿಸುಕಲಿಲ್ಲ.

"ಅಷ್ಟು ಸಾಕು" ಎಂದನು ಕುಳ್ಳಯ್ಯ. "ಅಷ್ಟು ಸಂದಿ ಬಿಟ್ರೆ ಅಕ್ಕಿ ಸೋರ್ತದೆ ದೊಡ್ಡವ್ವ."

ಆಕೆ ಕಣ್ಣನ್ನು ಸೆರಗಿನಿಂದ ಒರೆಸಿಕೊಂಡು, ಮಗನ ಮೇಲೆ ರೇಗಿದಳು. "ನಿಂತ್ಕಂಡು ಏನ್ ನೋಡ್ತಿದ್ದೀಯಲಾ? ನಾಳೆ ಹಾಲು ಕರದ್ ಕೂಡ್ಲೇ ಹೊರಡದು. ತಡ ಮಾಡಿದ್ರೆ ಆಸ್ಪತ್ರೇಲಿ ಜನ ಸಾಲು ನಿಂತಿರ್ತಾರೆ."

ಕುಳ್ಳಯ್ಯನು ಶ್ವೇತಳನ್ನು ಕೇಳಿ ಹಳೆಯ ತೆಳುವಾದ ಪಂಚೆಯ ತುಂಡೊಂದನ್ನು ತರಿಸಿ, ಎರಡೂ ಜಾಲರಿಗಳ ಕೆಳಗೆ ಬಿಗಿಯಾಗಿ ಹಾಸಿ ಕೂರಿಸಿದನು. ದನಿಯು ಹಾಯುತ್ತದೆ, ಕಾಳು ಹಾಯದು. ಪೂಜೆಯನ್ನು ಬಿಡಿರೆಂದು ಅವನು ಹೇಳಲಿಲ್ಲ. ಹೇಳಬೇಕೆಂದು ಅವನಿಗೆ ತೋಚಲೂ ಇಲ್ಲ. ಬಾಚಿದ ಅಕ್ಷತೆಯನ್ನು ಮಾತ್ರ ದೊಡ್ಡತಾಯಮ್ಮ ಕೇಳಿ ಪಡೆದು ಹಿತ್ತಲಿನ ತುಳಸಿಯ ಬುಡಕ್ಕೆ ಹಾಕಿಸಿದಳು. ಈಗ ಅವನ ಅಂಗಡಿಯಲ್ಲಿ ಯಾವ ಕಾರಿಗೆ ಹಿಂಬದಿಯ ಸ್ಪೀಕರು ಕೂರಿಸಿದರೂ ಜಾಲರಿಯ ಕೆಳಗೆ ಒಂದು ತೆಳುಬಟ್ಟೆ ತಪ್ಪದೆ ಇರುತ್ತದೆ.

ಮರುದಿನ ಬೆಳಗ್ಗೆ ಅಂಬಾಸಿಡರು ನಾಗಮಂಗಲದ ದಾರಿ ಹಿಡಿಯಿತು. ಮುದುಕಿಯ ಒತ್ತಾಯಕ್ಕೆ ಕುಳ್ಳಯ್ಯನೂ ಅದರಲ್ಲಿದ್ದನು. ಹಳ್ಳದಿಣ್ಣೆಯಲ್ಲಿ ದನಿ ಹೇಗೆ ನಿಲ್ಲುವುದೆಂಬ ಕುತೂಹಲ ಅವನಿಗೂ ಇದ್ದಿತು. ಪದವು ತಾರಕಕ್ಕೇರಿತು. ಆಕೆ ತಲೆಯನ್ನು ಹಿಂದಕ್ಕೊರಗಿಸಿ ಕಣ್ಮುಚ್ಚಿದ್ದಳು. ತೊಡೆಯ ಮೇಲಿದ್ದ ಬಲಗೈಯ ಹೆಬ್ಬೆರಳು ತಾಳಕ್ಕೆ ಸರಿಯಾಗಿ ಅಲ್ಲದಿದ್ದರೂ, ತಾಳವನ್ನು ಹಿಂಬಾಲಿಸುತ್ತ, ಏಳುತ್ತ ಬೀಳುತ್ತ ಇತ್ತು.

ಇಂತಹ ಕುಳ್ಳಯ್ಯನನ್ನು ಆ ಕಾಲಭೈರವನು ಚೆನ್ನಾಗಿಟ್ಟಿರಲಿ. ಅವನ ಕಣ್ಣಿನ ಬೆಳಕೂ ಬೆರಳಿನ ಹದವೂ ಮುಪ್ಪಿನವರೆಗೆ ಮಾಸದಿರಲಿ. ಬೆಟ್ಟಮ್ಮನ ಒಲೆಯ ಮೇಲಿನ ಅನ್ನವು ಬಂದವರಿಗೂ ಮಿಗಲಿ. ಮಗಳು ಸಂಘಮಿತ್ರಾಳ ವಿದ್ಯೆಯು ಏರುಬಿಸಿಲಿನಂತೆ ಏರಲಿ. ಆ ಮನೆಯ ಹೊಸ್ತಿಲನ್ನು ರೋಗವು ತುಳಿಯದಿರಲಿ, ನಗೆಯು ಬಿಡದಿರಲಿ. ಅವರ ಸಂತತಿಯು ಕಾವೇರಿಯ ನೀರಿರುವತನಕ ತಂಪಾಗಿ ಬಾಳಲಿ.