ಕ್ವಾರಿ ಮುಚ್ಚಿದ ದಿನದ ಗೆರೆ

ಕರ್... ಕರ್... ಉರುಳುವ ಡ್ರಮ್ಮಿನ ಕಾಗದದ ಮೇಲೆ ಪೆನ್ನು ಹರಿಯುವ ಆ ಸಪ್ಪಳ ಯಲ್ಲಾಪುರದಲ್ಲಿ ನಾಲ್ಕು ವರ್ಷ ನನ್ನ ಜೊತೆಗಿತ್ತು. ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಫಿಸಿಕ್ಸ್ ಕಲಿಸಿ ರಿಟೈರ್ ಆಗಿದ್ದೆ. ಶಾಲೆಯ ಹಿಂದಿನ ಕೋಣೆಯಲ್ಲಿ ಇಲಾಖೆಯವರು ಭೂಕಂಪ ಅಳೆಯುವ ಯಂತ್ರ ಕೂರಿಸಿ, ನೋಡಿಕೊಳ್ಳಲು ನನ್ನನ್ನೇ ಕರೆದರು. ಘಟ್ಟದ ಕೆಳಗಿನ ಸಮುದ್ರದ ತಳದ ಬಂಡೆಯೊಳಗೆ ಕಾರ್ಖಾನೆಗಳ ಕಾರ್ಬನ್ ಡೈಆಕ್ಸೈಡ್ ತುಂಬಿಡಬಹುದೇ ಎಂಬ ವಿಚಾರ ನಡೆದಿತ್ತು. ಅದಕ್ಕೂ ಮೊದಲು ನೆಲ ತಾನಾಗಿ ಎಷ್ಟು ನಡುಗುತ್ತದೆ ಅನ್ನೋದನ್ನ ಬರೆದಿಡಬೇಕು. ಇಲ್ಲದಿದ್ದರೆ ನಾಳೆ ನಡುಗಿದಾಗ ಅದು ಗ್ಯಾಸಿನದೋ ನೆಲದ್ದೋ, ಯಾರು ಹೇಳಬೇಕು?

ನನ್ನ ಕೆಲಸ ಸಿಂಪಲ್. ಪ್ರತಿ ಗೆರೆಗೂ ಪುಸ್ತಕದಲ್ಲಿ ಕಾರಣ ಬರೆಯುವುದು: ಲಾರಿ, ಅಡಿಕೆ ಸುಲಿಯುವ ಮಷೀನು, ಕ್ವಾರಿಯ ಬ್ಲಾಸ್ಟು. ಯಾವ ಕಾರಣವೂ ಸಿಗದಿದ್ದರೆ ಮಾತ್ರ ‘ನ್ಯಾಚುರಲ್’. ಕಾನ್ವೆಂಟಿನ ಸಿಸ್ಟರ್ ತಿದ್ದಿಸಿದ ಕರ್ಸಿವ್ ಅಕ್ಷರ, ಒಂದು ಚಿತ್ತಿಲ್ಲ.

ಒಂದು ಮಧ್ಯಾಹ್ನ ದೊಡ್ಡ ಗೆರೆ ಬಂತು. ದೂರ ಲೆಕ್ಕ ಹಾಕಬೇಕಾದ ಶುರುವಿನಲ್ಲೇ ಇಂಕು ಚೆಲ್ಲಿ, ನಡುಕ ಎಷ್ಟು ದೂರದ್ದೆಂದು ತಿಳಿಯದ ಹಾಗಾಯಿತು. ಸುತ್ತಲೂ ವಿಚಾರಿಸಿ, ಕಾರಣ ಸಿಗದೆ ‘ನ್ಯಾಚುರಲ್’ ಅಂತ ಬರೆದೆ. ವಾರ ಕಳೆದು ನಗರದಿಂದ ಆಫೀಸರು ಬಂದರು.

"ಮೇಡಂ, ಇದು ಕ್ವಾರಿ ಬ್ಲಾಸ್ಟ್. ತಿದ್ದಿಬಿಡಿ. ಈ ಕಡೆ ನೆಲ ಶಾಂತ ಅಂತ ರಿಪೋರ್ಟ್ ಹೋಗಿ ಆಗಿದೆ."

"ಅವತ್ತು ಅಮಾವಾಸ್ಯೆ," ಅಂದೆ.

"ಸೈನ್ಸಿಗೂ ಅಮಾವಾಸ್ಯೆಗೂ ಏನು ಸಂಬಂಧ? ನೀವು ಫಿಸಿಕ್ಸ್ ಟೀಚರಂತೆ!"

ಅವರನ್ನು ಕ್ವಾರಿಗೇ ಕರೆದುಕೊಂಡು ಹೋದೆ. ಹಾವೇರಿ ಕಡೆಯ ಮೇಸ್ತ್ರಿ ನಕ್ಕ. "ಅಮಾಸಿ ದಿನ ಮಷೀನು ತೊಳದು ಪೂಜಿ ಮಾಡ್ತೀವ್ರಿ. ಈ ಸುತ್ತಿನಾಗ ಯಾರೂ ಸಿಡಿಮದ್ದಿಗೆ ಕೈ ಹಚ್ಚಂಗಿಲ್ಲ. ಮುಂದಿನ ಅಮಾಸಿಗೆ ಬರ್ರಿ ಸಾಹೇಬ್ರ, ಕಾಯಿ ಚೂರು ಕೊಡ್ತೀವಿ."

ವಾಪಸ್ ಬರುವಾಗಲೂ ಆಫೀಸರದು ಅದೇ ರಾಗ. ತಿದ್ದದಿದ್ದರೆ ಯಂತ್ರ ಇಲ್ಲಿಂದ ಎತ್ತುತ್ತೇವೆ, ನಿಮ್ಮ ಕೆಲಸವೂ ಹೋಗುತ್ತದೆ ಅಂತ. ಬೆಳಿಗ್ಗೆ ಸೀರೆಯುಟ್ಟು ಮನೆಯಿಂದ ಹೊರಡಲು ನನಗಿದ್ದ ರೀಸನ್ ಅದೊಂದೇ. ಕೋಣೆಗೆ ಬಂದು ಪುಸ್ತಕ ತೆಗೆದೆ.

"ಸಮುದ್ರದ್ದೋ ಇಲ್ಲಿಯದ್ದೋ ನನಗೆ ಗೊತ್ತಿಲ್ಲ. ಬ್ಲಾಸ್ಟ್ ಅಲ್ಲ, ಅಷ್ಟು ಗೊತ್ತು. ಬೇಕಿದ್ದರೆ ನೀವೇ ಆ ಶಬ್ದ ಹೊಡೆದುಹಾಕಿ, ಪಕ್ಕದಲ್ಲಿ ನಿಮ್ಮ ಸಹಿ ಹಾಕಿ." ಪುಸ್ತಕ ಮುಂದಿಟ್ಟೆ.

ಪೆನ್ನಿನ ಕ್ಯಾಪ್ ತೆಗೆದರು. ಮತ್ತೆ ಮುಚ್ಚಿದರು.

ಹದಿನೈದು ದಿನಕ್ಕೆ ಜೀಪು ಬಂತು. ಯಂತ್ರವನ್ನು ಗೋಣಿಯಲ್ಲಿ ಸುತ್ತಿ ಹೇರಿದರು. ಆಫೀಸರು ನನ್ನ ಪುಸ್ತಕಕ್ಕೆ ಕೈ ಚಾಚಿದರು.

"ಹಟ ಜಾಸ್ತಿ ಮೇಡಂ ನಿಮಗೆ."

"ಪ್ರತಿ ಪೇಜಿಗೂ ನಂಬರು ಹಾಕಿದ್ದೇನೆ," ಅಂದೆ. "ಹರಿದರೆ ಗೊತ್ತಾಗುತ್ತದೆ."

ಅವರು ಬ್ಯಾಗಿನಿಂದ ಟಿಫಿನ್ ಡಬ್ಬಿ ಹೊರಗೆ ತೆಗೆದು, ಆ ಜಾಗದಲ್ಲಿ ಪುಸ್ತಕ ಜೋಪಾನವಾಗಿ ಇಟ್ಟು, ಡಬ್ಬಿಯನ್ನು ತೊಡೆಯ ಮೇಲೆ ಹಿಡಿದು ಜೀಪಿನಲ್ಲಿ ಕೂತರು. ಜೀಪು ಶಿರಸಿ ರಸ್ತೆಗೆ ತಿರುಗಿತು. ಅವರನ್ನು ನಾನು ಮತ್ತೆ ನೋಡಲಿಲ್ಲ.